18 ತುಂಬಿದ ಮೇಲೆ ಯಾರ ಪಾಲು?

ನಮ್ಮ ದೇಶದಲ್ಲಿ 18 ವರ್ಷ ತುಂಬಿದವನಿಗೆ ಓಟಿನ ಹಕ್ಕು ಬರುತ್ತದೆ. ಸಿಕಲ್ ಸೆಲ್ ರಕ್ತಹೀನತೆಯೊಡನೆ ಹುಟ್ಟಿದವನಿಗೆ ಓಟು ಕೈಗೆ ಬರುವ ಹೊತ್ತಿಗೆ ವೈದ್ಯರು ಕೈಬಿಟ್ಟು ಹೋಗಿರುತ್ತಾರೆ. ಇದು ಉತ್ಪ್ರೇಕ್ಷೆಯ ಮಾತಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18ರವರೆಗಿನ ಮಕ್ಕಳಿಗೆ ಏರ್ಪಟ್ಟದ್ದು. ಅದರ ವೈದ್ಯರ ತಂಡ ಅಂಗನವಾಡಿಗೆ ಬರುತ್ತದೆ, ಸರ್ಕಾರಿ ಶಾಲೆಗೆ ಬರುತ್ತದೆ, ರೋಗ ಕಂಡರೆ ಮೇಲಿನ ಆಸ್ಪತ್ರೆಗೆ ಕಳಿಸುತ್ತದೆ. ಒಳ್ಳೆಯ ಯೋಜನೆಯೇ, ನಾವು ಇಲ್ಲವೆನ್ನುವುದಿಲ್ಲ. ಆದರೆ ಹುಡುಗ ಹದಿನಾಲ್ಕಕ್ಕೇ ಶಾಲೆ ಬಿಟ್ಟು ಕೂಲಿಗೆ ಹೋದರೆ ಶಾಲೆಗೆ ಬರುವ ತಂಡಕ್ಕೆ ಅವನು ಸಿಗುವುದೆಲ್ಲಿಂದ? ಹಾಜರಿ ಪುಸ್ತಕ ಹಿಡಿದವರಿಗೆ ಇದು ಚೆನ್ನಾಗಿ ಗೊತ್ತು. ಪದೇ ಪದೇ ಕೈಕಾಲು ನೋವೆಂದು ಶಾಲೆ ತಪ್ಪಿಸುವ ಹುಡುಗನ ಹೆಸರೇ ಮೊದಲು ಪಟ್ಟಿಯಿಂದ ಬಿದ್ದುಹೋಗುವುದು.

ಈ ರೋಗ ಏನೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ರಕ್ತದ ಕೆಂಪು ಕಣ ದುಂಡಗಿದ್ದು ಸಣ್ಣ ನಾಳದಲ್ಲೂ ಬಳುಕಿ ಹೋಗಬೇಕು. ಈ ರೋಗಿಗಳಲ್ಲಿ ಅದು ಬಿಗಿದು ಕುಡುಗೋಲಿನಂತೆ ಬಾಗುತ್ತದೆ, ನಾಳದಲ್ಲಿ ಸಿಕ್ಕಿ ರಕ್ತದ ದಾರಿಯನ್ನೇ ಕಟ್ಟುತ್ತದೆ. ಕಟ್ಟಿದೆಡೆ ಮೂಳೆ ಕೊರೆಯುವ ನೋವು. ಆರೋಗ್ಯವಂತರ ಕಣ ಸುಮಾರು 120 ದಿನ ಬಾಳಿದರೆ ಇವರದು 10ರಿಂದ 20 ದಿನ. ಹಾಗಾಗಿ ಸದಾ ರಕ್ತಹೀನತೆ. ಇದು ಅಂಟುರೋಗವಲ್ಲ, ಶಾಪವೂ ಅಲ್ಲ. ತಾಯಿಯಿಂದೊಂದು, ತಂದೆಯಿಂದೊಂದು ದೋಷದ ವಂಶವಾಹಿ ಬಂದು ಕೂಡಿದಾಗ ಹುಟ್ಟುವುದು. ಒಂದೇ ಇದ್ದವರಿಗೆ ಸಾಮಾನ್ಯವಾಗಿ ಬಾಧೆಯಿಲ್ಲ. ಮಲೇರಿಯಾದ ವಿರುದ್ಧ ಅದು ಒಂದಿಷ್ಟು ರಕ್ಷಣೆಯನ್ನೂ ಕೊಡುತ್ತದೆ. ಮಲೇರಿಯಾ ಕಾಡಿದ ನಾಡುಗಳಲ್ಲಿ ಇದು ಉಳಿದುಬಂದದ್ದು ಆ ಕಾರಣಕ್ಕೇ.

ಭಾರತದಲ್ಲಿ ಇದು ವೈದ್ಯರ ಕಣ್ಣಿಗೆ ಬಿದ್ದದ್ದು 1952ರಲ್ಲಿ. ನೀಲಗಿರಿಯ ಗಿರಿಜನರಲ್ಲಿ ಮತ್ತು ಅದೇ ವರ್ಷ ಮೇಲಣ ಅಸ್ಸಾಮಿನ ಚಹಾ ತೋಟದ ಕೂಲಿಗಳಲ್ಲಿ. ಕರ್ನಾಟಕದಲ್ಲಿ ಸೋಲಿಗರು, ಜೇನು ಕುರುಬರು ಮೊದಲಾದ ಕಾಡಂಚಿನ ಜನರಲ್ಲಿ ಉಂಟು. ಇದು ಕಾಡಿನವರ ರೋಗ, ಪೇಟೆಯ ನಮಗೇನು ಎನ್ನುವವರು ಸ್ವಲ್ಪ ಸುತ್ತ ನೋಡಬೇಕು. ಒಡಿಶಾ, ಛತ್ತೀಸಗಢದ ಕಡೆ ಗಿರಿಜನರಲ್ಲದ ಜಾತಿಗಳಲ್ಲೂ ಇದು ಇದೆ. ಅಲ್ಲಿಂದ ಬಂದ ಹುಡುಗರು ಇಂದು ನಮ್ಮ ಪಕ್ಕದಲ್ಲೇ ನಿಂತು ಯಂತ್ರ ನಡೆಸುತ್ತಿದ್ದಾರೆ, ಗಾರೆ ಹೊರುತ್ತಿದ್ದಾರೆ.

ಹಿಂದೆ ಈ ಮಕ್ಕಳಲ್ಲಿ ಬಹಳಷ್ಟು ಮಂದಿ ದೊಡ್ಡವರಾಗುತ್ತಿರಲಿಲ್ಲ. ಆದ್ದರಿಂದ ದೊಡ್ಡವರಾದ ಮೇಲೆ ಏನೆಂಬ ಪ್ರಶ್ನೆಯೂ ಇರಲಿಲ್ಲ. ಈಗ ಸೋಂಕು ತಡೆಯುವ ಲಸಿಕೆ, ಪೆನಿಸಿಲಿನ್, ಹೈಡ್ರಾಕ್ಸಿಯೂರಿಯಾ ಗುಳಿಗೆ ಇವುಗಳಿಂದ ಮಕ್ಕಳು ಉಳಿಯುತ್ತಿದ್ದಾರೆ. ಉಳಿಸಿದ್ದನ್ನು ಮುಂದೆ ಕಳೆದುಕೊಳ್ಳುವುದು ಹೇಗೆಂಬುದನ್ನು ಸಿರಿವಂತ ದೇಶಗಳೇ ತೋರಿಸಿಕೊಟ್ಟಿವೆ. ಅಮೆರಿಕದ ಡಲ್ಲಾಸಿನಲ್ಲಿ ಹುಟ್ಟಿನಿಂದಲೇ ಗುರುತಿಸಿದ 900ಕ್ಕೂ ಹೆಚ್ಚು ಮಕ್ಕಳನ್ನು ವೈದ್ಯರು ಹಿಂಬಾಲಿಸಿ ನೋಡಿ, 2010ರಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು 18 ದಾಟಿದ್ದರು. ಆದರೆ ಈಚಿನ ವರ್ಷಗಳ ಸಾವುಗಳಲ್ಲಿ ಹೆಚ್ಚಿನವು ಆದದ್ದು 18 ದಾಟಿದ ಮೇಲೆ, ಮಕ್ಕಳ ಆಸ್ಪತ್ರೆಯಿಂದ ದೊಡ್ಡವರ ಆಸ್ಪತ್ರೆಗೆ ಹೋದ ಸ್ವಲ್ಪ ಕಾಲದಲ್ಲೇ. 2019ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 21ರ ಯುವಕನೊಬ್ಬ ಆಮ್ಲಜನಕ ಕೇಳಿ, ಸಿಗದೆ, ಮಲಗಿದ ಮಂಚದಿಂದಲೇ ತುರ್ತು ಸೇವೆಗೆ ಫೋನು ಮಾಡಿದ. ಆಸ್ಪತ್ರೆಯೊಳಗಿಂದಲೇ ಆಂಬುಲೆನ್ಸಿನವರನ್ನು ಕರೆದ ಆ ಹುಡುಗ ಉಳಿಯಲಿಲ್ಲ. ಆ ಮೇಲೆ, 2021ರಲ್ಲಿ, ಅಲ್ಲಿನ ಪಾರ್ಲಿಮೆಂಟಿನ ಸದಸ್ಯರ ಸಮಿತಿಯೊಂದು ಇಂಥ ರೋಗಿಗಳ ಮಾತನ್ನು ಯಾರೂ ಕೇಳುತ್ತಿಲ್ಲವೆಂದು ವರದಿ ಬರೆಯಿತು.

ಹೀಗೇಕಾಗುತ್ತದೆ? ಮಕ್ಕಳ ವಾರ್ಡಿನಲ್ಲಿ ಡಾಕ್ಟರಿಗೆ ಮಗುವಿನ ಹೆಸರು ಗೊತ್ತು, ತಾಯಿ ಜೊತೆಗಿದ್ದಾಳೆ, ಎಂದು ನೋವು ಬಂತು, ಎಂದು ರಕ್ತ ಕೊಟ್ಟರು, ಯಾವ ಔಷಧ ಒಗ್ಗದು ಎಲ್ಲವೂ ಆಕೆಯ ಬಾಯಲ್ಲಿದೆ. ಆ ತಾಯಿಯೇ ಮಗನ ಆಸ್ಪತ್ರೆಯ ದಫ್ತರ. ಒಂದು ದಿನ ಮೀಸೆ ಮೂಡಿದ ಅದೇ ಹುಡುಗ ಒಬ್ಬನೇ ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಹೊರಗೆ ಗಾಯವಿಲ್ಲ, ಬಾವಿಲ್ಲ. ನೋವು ತಡೆಯಲಾರೆ, ಇಂಥ ಸೂಜಿಮದ್ದು ಕೊಡಿ ಎಂದು ಔಷಧದ ಹೆಸರನ್ನೂ ಅವನೇ ಹೇಳುತ್ತಾನೆ. ಕೇಳಿದವರಿಗೆ ಅನುಮಾನ: ಕುಡಿದಿದ್ದಾನೋ, ಮದ್ದಿನ ಚಟವೋ, ಕೆಲಸ ತಪ್ಪಿಸುವ ನೆಪವೋ? 1985ರ ಮಾದಕ ವಸ್ತು ಕಾಯಿದೆ ಮಾರ್ಫಿನ್ ಇಡಲು ಆಸ್ಪತ್ರೆಗಳೇ ಹೆದರುವಂತೆ ಮಾಡಿತ್ತು. 2014ರಲ್ಲಿ ತಿದ್ದುಪಡಿಯಾಗಿ ನಿಯಮ ಸಡಿಲವಾದರೂ ಆ ಹೆದರಿಕೆ ಪೂರಾ ಹೋಗಿಲ್ಲ. ಇಂಗ್ಲೆಂಡಿನಲ್ಲಿ ರೋಗಿ ಬಾಗಿಲಿಗೆ ಬಂದ 30 ನಿಮಿಷದೊಳಗೆ ನೋವಿಗೆ ಔಷಧ ಕೊಡಬೇಕೆಂದು 2012ರಲ್ಲೇ ಸೂಚನೆ ಹೊರಟಿತು. ನಮ್ಮಲ್ಲಿ ಎಷ್ಟೋ ಕಡೆ 30 ನಿಮಿಷಕ್ಕೆ ಚೀಟಿ ಮಾಡಿಸುವ ಸಾಲೇ ಕರಗುವುದಿಲ್ಲ.

ಇನ್ನು ಕೇಂದ್ರ ಸರ್ಕಾರ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಪ್ರಧಾನಿಗಳು ಸಿಕಲ್ ಸೆಲ್ ನಿರ್ಮೂಲನ ಅಭಿಯಾನಕ್ಕೆ ಚಾಲನೆ ಕೊಟ್ಟರು. 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 17 ರಾಜ್ಯಗಳು, ಕರ್ನಾಟಕವೂ ಸೇರಿ. 2047ಕ್ಕೆ ರೋಗ ಇರಬಾರದೆಂದು ಗುರಿ. ಪರೀಕ್ಷೆ ಆಗಲೇಬೇಕು, ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರಿಗೂ ತಮ್ಮ ರಕ್ತದ ಸ್ಥಿತಿ ತಿಳಿದಿರುವುದೂ ಒಳ್ಳೆಯದೇ. ಆದರೆ ಹಂಚಿದ ಕಾರ್ಡುಗಳನ್ನು ಎಣಿಸುವುದು ಸುಲಭ, ನುಂಗಿದ ಗುಳಿಗೆಗಳನ್ನು ಎಣಿಸುವುದು ಕಷ್ಟ. ಮುಂದೆ ಹುಟ್ಟಬಾರದ ರೋಗಿಯ ಬಗ್ಗೆ ಇರುವ ಆಸ್ಥೆ ಈಗಾಗಲೇ ಹುಟ್ಟಿ ಇಪ್ಪತ್ತಾಗಿರುವ ರೋಗಿಯ ಬಗ್ಗೆಯೂ ಇರಬೇಡವೇ? ಹೈಡ್ರಾಕ್ಸಿಯೂರಿಯಾ ದಿನವೂ ನುಂಗಬೇಕಾದ ಔಷಧ, ಆಗಾಗ ರಕ್ತ ಪರೀಕ್ಷೆಯೂ ಬೇಕು. ಮದುವೆಯಾದ ಹೆಣ್ಣುಮಗಳು ಬಸಿರಾಗುವ ಮುಂಚೆಯೇ ಅದರ ವಿಷಯ ವೈದ್ಯರೊಡನೆ ಮಾತಾಡಬೇಕು. ಇವೆಲ್ಲ ದೊಡ್ಡವರ ಪ್ರಶ್ನೆಗಳು. ಸೊಂಟದ ಮೂಳೆ ಸವೆಯುವುದು, ಮೂತ್ರಪಿಂಡ ಕುಂದುವುದು, ಕಣ್ಣು ಮಂಜಾಗುವುದು ಇವೂ ವಯಸ್ಸಿನೊಡನೆ ಹೆಚ್ಚುವ ತೊಂದರೆಗಳೇ.

ಕಾನೂನಿನ ವಿಚಿತ್ರವನ್ನೂ ನೋಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳಲ್ಲಿ ಸಿಕಲ್ ಸೆಲ್ ರೋಗವನ್ನೂ ಸೇರಿಸಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಸರ್ಟಿಫಿಕೇಟು ಸಿಕ್ಕಿದರೆ ಕಾಲೇಜಿನ ಸೀಟಿನಲ್ಲಿ ಮೀಸಲಾತಿ ಉಂಟು. ಸರ್ಕಾರಿ ಕೆಲಸದ 4ರ ಮೀಸಲಾತಿಯಲ್ಲಿ ಮಾತ್ರ ರಕ್ತದ ರೋಗಗಳ ಹೆಸರಿಲ್ಲ! ಓದಿಸುತ್ತೇವೆ, ದುಡಿಸಿಕೊಳ್ಳುವುದಿಲ್ಲ ಎಂಬುದು ಯಾವ ನ್ಯಾಯ? ಕೊನೆಗೆ ಅವನು ಹೋಗುವುದು ಎಲ್ಲಿಗೆ? ಕೊಡಗಿನ ಕಾಫಿ ತೋಟದ ಚಳಿ ಮಳೆಗೆ, ಇಲ್ಲವೆ ಮಿಲ್ಲಿನ ಬಿಸಿಗೆ. ಚಳಿ, ಅತಿ ದಣಿವು, ಮೈಯ ನೀರು ಆರುವುದು ಈ ಮೂರೂ ನೋವನ್ನು ಕೆರಳಿಸುವಂಥವು.

ಮಿಲ್ ಕಾರ್ಮಿಕ ಬಂಧುಗಳಲ್ಲಿ ಯಾರ ಮನೆಯಲ್ಲಾದರೂ ಇಂಥ ಮಗ, ಮಗಳು ಇದ್ದರೆ ಒಂದು ಮಾತು ತಿಳಿದಿರಲಿ. ದೇಹದ ದೌರ್ಬಲ್ಯದಿಂದ ದುಡಿಯಲಾಗದೆ ಪೂರಾ ನಿಮ್ಮ ದುಡಿಮೆಯನ್ನೇ ನಂಬಿದ ಮಕ್ಕಳಿಗೆ ಇ.ಎಸ್.ಐ. ವೈದ್ಯಕೀಯ ಸೌಲಭ್ಯ ಆ ದೌರ್ಬಲ್ಯ ಇರುವವರೆಗೂ ಉಂಟು. 18 ಆಯಿತೆಂದು ಯಾರಾದರೂ ಹೆಸರು ಹೊಡೆದರೆ ಒಪ್ಪಬೇಡಿ, ಯೂನಿಯನ್ನಿಗೆ ತನ್ನಿ. ಅಂಗಡಿ ಇಟ್ಟಿರುವ ಮಿತ್ರರಿಗೂ ಒಂದು ಕೋರಿಕೆ. ಆಳು ಹುಡುಗ ಗಳಿಗೆಗೊಮ್ಮೆ ನೀರು ಕುಡಿಯಲು ಹೋದರೆ, ಜ್ವರ ಬಂದ ದಿನ ರಜೆ ಕೇಳಿದರೆ ಸೋಮಾರಿಯೆಂದು ಬಯ್ಯುವ ಮುಂಚೆ ಒಮ್ಮೆ ವಿಚಾರಿಸಿ.

ಸರ್ಕಾರವನ್ನು ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ, ಶಂಕುಸ್ಥಾಪನೆಯನ್ನಂತೂ ಅಲ್ಲವೇ ಅಲ್ಲ. ಹದಿನಾಲ್ಕು ವಯಸ್ಸಿನಿಂದಲೇ ಈ ಮಕ್ಕಳಿಗೆ ತಮ್ಮ ರೋಗ, ತಮ್ಮ ಔಷಧ ಏನೆಂದು ಕಲಿಸಲಿ. ಮಕ್ಕಳ ಡಾಕ್ಟರೂ ದೊಡ್ಡವರ ಡಾಕ್ಟರೂ ಒಂದೇ ಮೇಜಿಗೆ ಕೂತು ಕೆಲವು ಸಲವಾದರೂ ಒಟ್ಟಿಗೆ ನೋಡಲಿ. ಚರಿತ್ರೆಯೆಲ್ಲ ಬರೆದ ಪುಸ್ತಕ ಹುಡುಗನ ಕೈಯಲ್ಲೇ ಇರಲಿ, ನೋವು ಬಂದರೆ ಏನು ಕೊಡಬೇಕೆಂಬುದು ಅದರ ಮೊದಲ ಪುಟದಲ್ಲಿ ಸಹಿಯೊಡನೆ ಇರಲಿ. ಗುಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿ ತಿಂಗಳೂ ಸಿಗಲಿ. ಅದಕ್ಕಾಗಿ ಒಂದು ದಿನದ ಕೂಲಿ, ಎರಡು ಬಸ್ಸಿನ ಚಾರ್ಜು ಕಳೆಯುವಂತಾಗಬಾರದು. ಜಿಲ್ಲೆಯಲ್ಲಿ ಈವರೆಗೆ ಪತ್ತೆಯಾದ ಮಕ್ಕಳಲ್ಲಿ 18 ದಾಟಿದವರೆಷ್ಟು, ಅವರಲ್ಲಿ ಈಗ ಔಷಧ ಪಡೆಯುತ್ತಿರುವವರೆಷ್ಟು ಎಂಬ ಎರಡು ಅಂಕಿಗಳನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಪ್ರಕಟಿಸಲಿ. ಕೊಟ್ಟರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.