ಸೀಸೆಗೆ ಇಳಿದ ನೆಲ್ಲಿಕಾಯಿ

ಊರಿನಲ್ಲಿ ತುಳಸಿ ಪೂಜೆಗೆ ತಂದ ಕೊಂಬೆಯಿಂದ ನೆಲ್ಲಿಕಾಯಿ ಕಿತ್ತು ಉಪ್ಪು ಹಚ್ಚಿ ತಿಂದವರು ನಾವು. ಈಗ ದೆಹಲಿಯಲ್ಲಿ, ‘ಆಂಟಿಆಕ್ಸಿಡೆಂಟ್’ ಎಂಬ ಚೀಟಿ ಕಂಡೊಡನೆ ಅದೇ ನೆಲ್ಲಿಯ ಮಾತ್ರೆಗೆ ಕೇಳಿದಷ್ಟು ಹಣ ಎಣಿಸುತ್ತೇವೆ. ವಿಜ್ಞಾನ ಓದಿದ ನಾವೂ ಇದಕ್ಕೆ ಹೊರತಲ್ಲ.

ನೆಲ್ಲಿ, ಅಳಲೆ, ಅರಿಸಿನಗಳಲ್ಲಿ ಪಾಲಿಫಿನಾಲ್‌ಗಳಿರುವುದು ನಿಜ. ಪ್ರನಾಳದಲ್ಲಿ ಅವು ಉತ್ಕರ್ಷಣವನ್ನು ತಡೆಯುವುದೂ ನಿಜ. ಆದರೆ ಮನುಷ್ಯನ ದೇಹ ಪ್ರನಾಳವೇ? ತಿಂದದ್ದರಲ್ಲಿ ಬಹುಪಾಲು ಕರುಳು, ಯಕೃತ್ತುಗಳಲ್ಲೇ ರೂಪ ಬದಲಿಸುತ್ತದೆ. ಆಹಾರಗಳ ಈ ಶಕ್ತಿಯನ್ನು ಅಂಕಿಗಳಲ್ಲಿ ಹೇಳುತ್ತಿದ್ದ ಪಟ್ಟಿಯನ್ನು, ವ್ಯಾಪಾರಿಗಳು ದುರುಪಯೋಗ ಮಾಡಿದರೆಂದು ಅಮೆರಿಕದ ಕೃಷಿ ಇಲಾಖೆಯೇ 2012ರಲ್ಲಿ ಹಿಂತೆಗೆದುಕೊಂಡಿತು. ಬೀಟಾ ಕೆರೋಟಿನ್ ಎಂಬ ಇನ್ನೊಂದು ಆಂಟಿಆಕ್ಸಿಡೆಂಟಿನ ಗುಳಿಗೆ ನುಂಗಿದ ಫಿನ್ಲೆಂಡಿನ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಗ್ಗುವ ಬದಲು ಹೆಚ್ಚಿತೆಂದು 1994ರಲ್ಲೇ ಪ್ರಕಟವಾಗಿದೆ.

ದುಡ್ಡು ಹೋದರೆ ಹೋಗಲಿ. ಸೀಸೆಯನ್ನು ನಂಬಿ ನಮ್ಮ ಮನೆಯ ಹಿರಿಯರೊಬ್ಬರು ರಕ್ತದೊತ್ತಡದ ಮಾತ್ರೆಯನ್ನೇ ಬಿಟ್ಟರು. ಅವರು ಆಸ್ಪತ್ರೆ ಸೇರಿದ ಮೇಲೆ ನಮಗೆ ಬುದ್ಧಿ ಬಂತು.

ಚಳಿಗಾಲದಲ್ಲಿ ಇಲ್ಲಿನ ಸಬ್ಜಿಮಂಡಿಗಳಲ್ಲಿ ‘ಆಂವಲಾ’ ರಾಶಿ ಬೀಳುತ್ತದೆ. ತರೋಣ, ಉಪ್ಪಿನಕಾಯಿ ಹಾಕೋಣ, ತಂಬುಳಿ ಮಾಡಿ ಉಣ್ಣೋಣ. ಅದು ಊಟ. ಔಷಧದ ಮಾತನ್ನು ವೈದ್ಯರಿಗೆ ಬಿಡೋಣ. ಬಂಧುಗಳೇ, ಅಕ್ಷರ ಕಲಿತದ್ದು ಚೀಟಿಗೆ ಕೈಮುಗಿಯುವುದಕ್ಕಲ್ಲ, ಅದನ್ನು ಪ್ರಶ್ನಿಸುವುದಕ್ಕೆ.