ಧಾರಾವಾಹಿಗೆ ನಮ್ಮ ಮಾತು ಮುಟ್ಟಲಿ, ಮರ್ಯಾದೆಯಿಂದ ಮುಟ್ಟಲಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ವೀಕ್ಷಕ ಬಂಧುಗಳೇ,

ಕೊಯ್ಲಿನ ದಿನಗಳಲ್ಲಿ ಸಂಜೆಯಾದರೆ ನಮ್ಮ ಜಗಲಿಗಳಲ್ಲಿ ಅಡಿಕೆ ಸುಲಿಯುವುದು, ಧಾರಾವಾಹಿ ನೋಡುವುದು ಎರಡೂ ಒಟ್ಟಿಗೇ ಸಾಗುತ್ತವೆ. ‘ಅವಳು ಸತ್ತಿಲ್ಲ ಕಣೇ, ವಾಪಸ್ ಬರ್ತಾಳೆ ನೋಡು’ ಎಂದು ಒಬ್ಬರು. ‘ಇನ್ನೂ ಎಷ್ಟಂತ ಎಳೀತಾರೋ’ ಎಂದು ಇನ್ನೊಬ್ಬರು. ಇದನ್ನು ಹೊತ್ತು ಕಳೆಯುವ ಹರಟೆ ಎಂದು ತಳ್ಳಿಹಾಕಬೇಡಿ. ಇಂಥ ಮಾತಿಗೆ ಕಥೆಯ ದಿಕ್ಕನ್ನೇ ತಿರುಗಿಸುವ ಬಲವಿದೆ.

ಹಿಂದಿಯ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ಸತ್ತುಹೋದ ಮಿಹಿರ್ ಪಾತ್ರ ವೀಕ್ಷಕರ ಒತ್ತಾಯಕ್ಕೆ ಮರಳಿ ಬಂತು. ನಮ್ಮ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ 2024ರಲ್ಲಿ ಸ್ನೇಹಾ ಪಾತ್ರ ಸತ್ತಾಗ ಎಷ್ಟೋ ಮನೆಗಳಲ್ಲಿ ಬೇಸರ, ಸಿಟ್ಟು. ಆದರೆ ಆ ಪಾತ್ರ ಮಾಡಿದ್ದ ನಟಿ ತಾವಾಗಿಯೇ ಧಾರಾವಾಹಿ ಬಿಟ್ಟಿದ್ದರು. ಪಾತ್ರದ ಸಾವಿನ ಹಿಂದೆ ಒಬ್ಬರ ಬದುಕಿನ ತೀರ್ಮಾನವೂ ಇರುತ್ತದೆ ಎಂಬುದನ್ನು ಸಿಟ್ಟಿನಲ್ಲಿ ನಾವು ಮರೆಯುತ್ತೇವೆ.

ಕಥೆ ಮುಂದೆ ಹೇಗೆ ಹೋಗಬೇಕೆಂದು ಬಹುಪಾಲು ಹೇಳುವುದು ಟಿಆರ್‌ಪಿ. ಬಾರ್ಕ್ ಸಂಸ್ಥೆ ದೇಶದ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ತೆಗೆಯುವ ಲೆಕ್ಕ ಗುರುವಾರಕ್ಕೊಮ್ಮೆ ಹೊರಬೀಳುತ್ತದೆ. ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಎಂಬುದು ಮೀಟರಿಗೆ ಗೊತ್ತು. ಮೆಚ್ಚಿ ನೋಡಿದರೋ, ಬೈಯುತ್ತ ನೋಡಿದರೋ ಅದಕ್ಕೆ ತಿಳಿಯದು. ಸೊಸೆಗೆ ವಿಷ ಬೆರೆಸುವ ಅತ್ತೆಯನ್ನು ಶಪಿಸುತ್ತಲೇ ನೋಡಿದರೂ ಅಂಕ ಏರುತ್ತದೆ, ವಿಷದ ಕಥೆ ಇನ್ನೂ ನಾಲ್ಕು ವಾರ ಬೆಳೆಯುತ್ತದೆ. ಮೀಟರ್ ಹೇಳಲಾರದ್ದನ್ನು ಬಾಯಿಬಿಟ್ಟು ಹೇಳಬೇಕಾದವರು ನಾವು.

ಆದರೆ ಬೆಂಗಳೂರಿನ ಚಾನೆಲ್‌ಗಳಿಗೆ ಕೇಳಿಸುವುದು ಫೋನಿನಲ್ಲಿ ಜೋರಾಗಿ ಕೂಗುವವರ ದನಿ. ಗುಡ್ಡ ಹತ್ತಿದರಷ್ಟೇ ಸಿಗ್ನಲ್ ಸಿಗುವ, ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲದ ನಮ್ಮ ಹಳ್ಳಿಗಳ ಹಿರಿಯ ಹೆಂಗಸರ ಅಭಿಪ್ರಾಯ ಜಗಲಿ ದಾಟುವುದೇ ಇಲ್ಲ. ವರ್ಷಗಟ್ಟಲೆ ತಪ್ಪದೆ ನೋಡಿದವರು ಅವರೇ. ನಿರ್ದೇಶಕ ಟಿ.ಎನ್. ಸೀತಾರಾಂ ‘ಮುಕ್ತ ಮುಕ್ತ’ ಧಾರಾವಾಹಿಯ ಕಾಲದಲ್ಲಿ ವೀಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಸಂವಾದ ನಡೆಸಿದ್ದರು. ಅಂಥ ಸಂವಾದವನ್ನು ಇಂದಿನ ಚಾನೆಲ್‌ಗಳಿಂದಲೂ ನಾವು ಕೇಳಿ ಪಡೆಯಬೇಕು.

ಕಲಾವಿದರಿಗೆ ಮುಖಾಮುಖಿ ಹೇಳುವುದು ನಮಗೆ ಹೊಸತಲ್ಲ. ತಾಳಮದ್ದಲೆ ಮುಗಿದ ಮೇಲೆ ಅರ್ಥಧಾರಿಯ ಬಳಿ ಹೋಗಿ ‘ಇವತ್ತಿನ ಕರ್ಣ ಸ್ವಲ್ಪ ಹೆಚ್ಚೇ ಅತ್ತ’ ಎನ್ನುತ್ತೇವೆ, ಅವರಿಗೇ ಊಟ ಬಡಿಸುತ್ತೇವೆ. ದುರ್ಯೋಧನನ ಪಾತ್ರ ಮಾಡಿದವರನ್ನು ನಾವು ಯಾವತ್ತೂ ದ್ವೇಷಿಸಿಲ್ಲ. ಆ ಮರ್ಯಾದೆ ಟಿ.ವಿ. ಕಲಾವಿದರಿಗೂ ಸಲ್ಲಲಿ. ಖಳನಾಯಕಿಯ ಪಾತ್ರ ಮಾಡಿದ ಹೆಣ್ಣುಮಗಳಿಗೆ, ಅವಳ ಮನೆಯವರಿಗೆ ಕೆಟ್ಟ ಮಾತು ಕಳಿಸುವುದು ಅಭಿಮಾನವಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸ್ತ್ರೀಶಕ್ತಿ ಸಂಘದ ಸಭೆಯಲ್ಲೋ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೋ ತಿಂಗಳಿಗೊಮ್ಮೆ ಕೂತು ಮಾತಾಡಿ, ಚಾನೆಲ್‌ಗೆ ಒಂದು ಪತ್ರ ಬರೆಯಿರಿ. ಪೋಸ್ಟ್ ಕಾರ್ಡ್ ಸಾಕು, ಅದಕ್ಕೆ ಸಿಗ್ನಲ್ ಬೇಡ. ಹೆಸರು, ಊರು, ಸಂಚಿಕೆಯ ದಿನಾಂಕ ಹಾಕಿ. ಏನು ಸರಿಯಿಲ್ಲ, ಯಾಕೆ ಸರಿಯಿಲ್ಲ ಎಂದು ಹೇಳಿ. ಓದದ ಅಜ್ಜಿಯ ಮಾತನ್ನು ಮೊಮ್ಮಕ್ಕಳು ಬರೆದುಕೊಡಲಿ. ಮೆಚ್ಚಿದ್ದನ್ನೂ ಬರೆಯಿರಿ. 2022ರಲ್ಲಿ ಶುರುವಾದ ‘ಶ್ರೀರಸ್ತು ಶುಭಮಸ್ತು’ ನಡುವಯಸ್ಸು ದಾಟಿದ ವಿಧವೆಯ ಮರುಮದುವೆಯನ್ನು ಮನೆಮನೆಗೆ ತಂದಿತು. ಅಂಥ ಕಥೆ ಬಂದಾಗ ‘ಧೈರ್ಯವಾಗಿ ಮುಂದುವರಿಸಿ’ ಎಂಬ ಪತ್ರವೂ ಹೋಗಬೇಕು.

ಮಹಿಳೆಯನ್ನೋ, ಮಕ್ಕಳನ್ನೋ, ಒಂದು ಸಮುದಾಯವನ್ನೋ ಹೀನಾಯವಾಗಿ ತೋರಿಸಿದರೆ ಗೊಣಗಿ ಸುಮ್ಮನಾಗಬೇಡಿ. ಕೇಬಲ್ ಟಿ.ವಿ. ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಲಿಖಿತ ದೂರು ಬಂದ 24 ಗಂಟೆಯೊಳಗೆ ಚಾನೆಲ್ ಸ್ವೀಕೃತಿ ಕೊಡಬೇಕು, 15 ದಿನಗಳೊಳಗೆ ಇತ್ಯರ್ಥ ಮಾಡಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಪ್ರಸಾರಕರ ಸ್ವಯಂ ನಿಯಂತ್ರಣ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ಜಗಲಿಯಲ್ಲಿ ಆಡುವ ಮಾತು ಕಥೆ ಬರೆಯುವವರ ಮೇಜಿಗೂ ತಲುಪಲಿ. ಮೊದಲ ಕಾರ್ಡನ್ನು ಈ ವಾರವೇ ಅಂಚೆಗೆ ಹಾಕಿ.