ತಪಾಸಣೆಯ ಪಟ್ಟಿಗೆ ಸೇರಿ, ಹಕ್ಕಿನ ಪಟ್ಟಿಯಿಂದ ಹೊರಗುಳಿದ ಮಕ್ಕಳು

ಬೂದಿಗೆರೆಯಾಗಲಿ, ದೇವನಹಳ್ಳಿಯಾಗಲಿ, ಎಡಿಎಚ್‌ಡಿ ಇರುವ ಮಗುವಿನ ಮನೆಯ ಬೆಳಗು ಹೆಚ್ಚುಕಡಿಮೆ ಒಂದೇ ಥರ. ಶಾಲೆಯ ವ್ಯಾನಿನ ಹಾರನ್ ಕೇಳಿಸುವ ಹೊತ್ತಿಗೂ ಒಂದು ಕಾಲಿಗೆ ಮಾತ್ರ ಸಾಕ್ಸು. ಇನ್ನೊಂದನ್ನು ತರಲು ಹೋದ ಹುಡುಗ ಹಿತ್ತಲಲ್ಲಿ ಇರುವೆ ಸಾಲು ನೋಡುತ್ತ ಕೂತಿರುತ್ತಾನೆ. ತಟ್ಟೆಯಲ್ಲಿ ಅರ್ಧ ಇಡ್ಲಿ. ಸೋಮವಾರ ಕೊಡಿಸಿದ ಪೆನ್ಸಿಲ್ ಬುಧವಾರಕ್ಕೆ ಮಾಯ. ಡೈರಿ ತೆರೆದರೆ ಕೆಂಪು ಶಾಯಿಯಲ್ಲಿ ಮತ್ತದೇ ಸಾಲು: ಹೋಂವರ್ಕ್ ಮಾಡಿಲ್ಲ, ಪೋಷಕರು ಬಂದು ಕಾಣುವುದು. ಕಾಣಲು ಹೋದ ತಾಯಿಗೆ ಸಿಗುವ ಮಾತು, "ನಿಮ್ಮ ಹುಡುಗ ತುಂಬಾ ಹೈಪರ್ ಕಣಮ್ಮಾ, ಮನೇಲಿ ಸ್ವಲ್ಪ ಬಿಗಿ ಮಾಡಿ."

ಬಿಗಿ ಮಾಡಿದ್ದಾಯಿತು. ಹೊಡೆದದ್ದಾಯಿತು, ದೃಷ್ಟಿ ತೆಗೆದದ್ದಾಯಿತು, ದಾರ ಕಟ್ಟಿಸಿದ್ದಾಯಿತು.

ಮೂಲೆಯಲ್ಲಿ ಕೂತ ಅಜ್ಜಿ ಮಾತ್ರ "ಇವರಪ್ಪನೂ ಚಿಕ್ಕೋನಿದ್ದಾಗ ಹಿಂಗೇ ಇದ್ದ" ಎನ್ನುತ್ತಾಳೆ. ಇಡೀ ಊರಿನಲ್ಲಿ ವಿಜ್ಞಾನಕ್ಕೆ ಹತ್ತಿರವಾದ ಮಾತು ಅವಳದೇ. ಗಮನ ನಿಲ್ಲಿಸುವ, ಕೈಕಾಲು ತಡೆದುಕೊಳ್ಳುವ, ಸರದಿಗೆ ಕಾಯುವ ಶಕ್ತಿ ಮಿದುಳಿನಲ್ಲಿ ನಿಧಾನವಾಗಿ ಬೆಳೆಯುವ ಈ ಸ್ಥಿತಿ ವಂಶವಾಹಿಗಳ ಮೂಲಕ ಬಲವಾಗಿ ಹರಿದುಬರುತ್ತದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ಜಗತ್ತಿನಾದ್ಯಂತ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಲೆಕ್ಕ ಹಾಕಿದಾಗ ನೂರಕ್ಕೆ ಸುಮಾರು ಐದು ಮಕ್ಕಳಲ್ಲಿ ಇದು ಕಂಡಿತು. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಅವರಲ್ಲೊಬ್ಬಳು ಗಲಾಟೆಯನ್ನೇ ಮಾಡದೆ ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಯೂ ಇರಬಹುದು. ಅವಳಿಗೆ ಡೈರಿಯಲ್ಲಿ ಕೆಂಪು ಶಾಯಿಯೂ ಬೀಳುವುದಿಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಚೆನ್ನಾಗಿಯೇ ಗೊತ್ತಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಒಂದು ಸಲ ಬಂದು 30 ತೊಂದರೆಗಳಿಗಾಗಿ ಮಕ್ಕಳನ್ನು ತಪಾಸಣೆ ಮಾಡಬೇಕು. ಆ ಮೂವತ್ತರಲ್ಲಿ ಎಡಿಎಚ್‌ಡಿ ಹೆಸರು ಹಿಡಿದೇ ಇದೆ. ಆದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಎಡಿಎಚ್‌ಡಿ ಇಲ್ಲ. ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಇದೊಂದು ಇಲ್ಲ. ಆರೋಗ್ಯ ಇಲಾಖೆ ಬಂದು ಮಗುವಿಗೆ ಹೀಗಿದೆ ಎಂದು ಚೀಟಿ ಬರೆಯುತ್ತದೆ. ಅದೇ ಚೀಟಿ ಹಿಡಿದು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಹೋದರೆ ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಎಲ್ಲಿ ಎನ್ನುತ್ತಾರೆ. ಇದು ಸಣ್ಣ ಲೋಪವೆಂದು ಬಿಡುವಂಥದ್ದಲ್ಲ, ಅನ್ಯಾಯ. ಕಾನ್ವೆಂಟಿಗೆ ಹೋಗುವ ಬೂದಿಗೆರೆಯ ಮಗುವಿಗಂತೂ ಆ ತಪಾಸಣೆಯ ಚೀಟಿಯೂ ಇಲ್ಲ, ಏಕೆಂದರೆ ತಂಡ ಖಾಸಗಿ ಶಾಲೆಗೆ ಬರುವುದಿಲ್ಲ.

ಎದುರು ವಾದ ಮಾಡುವವರಿದ್ದಾರೆ. ತುಂಟತನಕ್ಕೆಲ್ಲ ಕಾಯಿಲೆಯ ಹೆಸರಿಡುತ್ತಿದ್ದಾರೆ, ಔಷಧ ಕಂಪನಿಗಳಿಗೆ ಲಾಭ, ಮಕ್ಕಳಿಗೆ ಹಣೆಪಟ್ಟಿ ಎನ್ನುತ್ತಾರೆ. ಈ ಆತಂಕವನ್ನು ತಳ್ಳಿಹಾಕುವುದು ಸರಿಯಲ್ಲ, ಅದರಲ್ಲಿ ಹುರುಳಿದೆ. ಅಮೆರಿಕದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೆಪ್ಟೆಂಬರ್ 1ಕ್ಕೆ ವಯಸ್ಸು ಲೆಕ್ಕ ಹಾಕುವ ರಾಜ್ಯಗಳಲ್ಲಿ ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳಿಗೆ, ಅಂದರೆ ತರಗತಿಯ ಅತಿ ಚಿಕ್ಕವರಿಗೆ, ಸೆಪ್ಟೆಂಬರ್‌ನವರಿಗಿಂತ ಶೇ 34ರಷ್ಟು ಹೆಚ್ಚಾಗಿ ಎಡಿಎಚ್‌ಡಿ ಎಂದು ಹೆಸರಿಟ್ಟಿದ್ದರು. ಅವರಲ್ಲಿ ಎಷ್ಟೋ ಮಕ್ಕಳಿಗಿದ್ದ ತೊಂದರೆ ಒಂದೇ, ವಯಸ್ಸು ಸಾಲದು.

ಈ ಲೆಕ್ಕವನ್ನು ಕರ್ನಾಟಕ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು. ಜಾರಿಯಾಗಬೇಕಿದ್ದ 2025ರಲ್ಲಿ ಪೋಷಕರ ಒತ್ತಡಕ್ಕೆ ಮಣಿದು, ಆ ಒಂದು ವರ್ಷಕ್ಕೆಂದು, ಐದು ವರ್ಷ ಐದು ತಿಂಗಳಿಗೆ ಇಳಿಸಲಾಯಿತು. "ಒಂದು ವರ್ಷ ಯಾಕೆ ದಂಡ" ಎಂದ ಪೋಷಕರ ಸಂಕಟ ಅರ್ಥವಾಗುವಂಥದ್ದೇ. ಆದರೆ ಐದೂವರೆಯ ಕೂಸನ್ನು ಆರೂವರೆಯವರ ಪಕ್ಕ ಕೂರಿಸಿ, ಅದು ಮುಕ್ಕಾಲು ಗಂಟೆ ಕದಲದೆ ಕೂರಲಿಲ್ಲವೆಂದು ದೂರು ಬರೆಯುವುದು ಕ್ರೌರ್ಯ. ಹಣೆಪಟ್ಟಿಯ ಬಗ್ಗೆ ನಿಜವಾದ ಕಾಳಜಿ ಇರುವವರು ಮೊದಲು ಈ ಆತುರದ ವಿರುದ್ಧ ದನಿ ಎತ್ತಬೇಕು. ತಪ್ಪು ಹೆಸರಿಡುವ ಭಯಕ್ಕೆ ನಿಜವಾಗಿ ತೊಂದರೆ ಇರುವ ಮಗುವಿನ ಹಕ್ಕು ಕಸಿಯುವುದು ಪರಿಹಾರವಾಗದು. ಸರಿಯಾಗಿ ಪರೀಕ್ಷಿಸುವವರು ಹತ್ತಿರದಲ್ಲೇ ಸಿಗುವಂತೆ ಮಾಡಬೇಕು. ಇವತ್ತಿಗೆ ಬೂದಿಗೆರೆಯ ತಾಯಿ ನೆಚ್ಚಬೇಕಾದದ್ದು ಹೊಸೂರು ರಸ್ತೆಯ ನಿಮ್ಹಾನ್ಸನ್ನು. ಕೆಲಸ ಬಿಟ್ಟು, ಬಸ್ಸು ಬದಲಿಸಿ, ಹತ್ತು ನಿಮಿಷ ಕೂರಲಾರದ ಮಗುವನ್ನು ಸಾಲಿನಲ್ಲಿ ನಿಲ್ಲಿಸಿಕೊಂಡು.

ಇಂಥ ಮಕ್ಕಳಿಗೆ ಶಾಲೆಯ ಪರೀಕ್ಷೆಗಳ ಗೊಂದಲವೂ ಸೇರಿಕೊಂಡಿತು. 2024ರ ಮಾರ್ಚ್‌ನಲ್ಲಿ 5, 8 ಮತ್ತು 9ನೇ ತರಗತಿಯ ಬೋರ್ಡ್ ಪರೀಕ್ಷೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ಮರುದಿನವೇ ವಿಭಾಗೀಯ ಪೀಠ ತಡೆ ಕೊಟ್ಟಿತು, ಪರೀಕ್ಷೆ ಶುರುವಾದ ಮೇಲೆ ಸುಪ್ರೀಂ ಕೋರ್ಟ್ ಆದೇಶದಿಂದ ನಡುವೆ ನಿಂತಿತು, ಮತ್ತೆ ನಡೆಯಿತು, ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ತಡೆ ಬಿತ್ತು. ನಾಳೆ ಏನೆಂದು ಗೊತ್ತಿದ್ದರಷ್ಟೇ ನೆಮ್ಮದಿಯಾಗಿರುವ ಹತ್ತು ವರ್ಷದ ಮಗುವಿಗೆ ಆ ಎರಡು ವಾರ ಏನಾಗಿರಬೇಕು?

ಇಂಥ ಮಗುವಿಗೆ ಬೇಕಾದ ಸಹಾಯ ದುಬಾರಿಯೂ ಅಲ್ಲ. ಹತ್ತು ಲೆಕ್ಕದ ಹಾಳೆಯನ್ನು ಮಡಚಿ ಮೂರು ಮಾತ್ರ ಕಾಣುವಂತೆ ಕೊಡಿ. ಮೂರು ಮುಗಿದ ಕೂಡಲೇ, ಸಂಜೆಗೆ ಕಾಯದೆ, ಶಹಬ್ಬಾಸ್ ಅನ್ನಿ. ಬಾಗಿಲು, ಕಿಟಕಿಯಿಂದ ದೂರ, ಮೇಷ್ಟ್ರ ಕೈಗೆಟಕುವಷ್ಟು ಹತ್ತಿರ ಕೂರಿಸಿ. ಕಾಲು ಕುಣಿಯತೊಡಗಿದಾಗ ಬೋರ್ಡ್ ಒರೆಸಲು ಹೇಳಿ, ಕ್ಷೀರಭಾಗ್ಯದ ಹಾಲಿನ ಲೋಟ ಹಂಚಲು ಕಳಿಸಿ. ಡೈರಿಯಲ್ಲಿ ದೂರಿನ ಬದಲು ದಿನಕ್ಕೆ ಎರಡೇ ಗುರಿ, ಎರಡು ಟಿಕ್ ಮಾರ್ಕ್. ಮನೆಯಲ್ಲಿ ಅದಕ್ಕೆ ಅರ್ಧ ಗಂಟೆ ಹೆಚ್ಚಿಗೆ ಆಟ. ಮೊಣಕಾಲೂರಿಸುವುದು, ತರಗತಿಯ ಹೊರಗೆ ನಿಲ್ಲಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ, ಇದನ್ನು ಮೇಷ್ಟ್ರಿಗೆ ನೆನಪಿಸಲು ಪೋಷಕರು ಅಂಜಬೇಕಿಲ್ಲ.

ಕೆಲವು ಮಕ್ಕಳಿಗೆ ಮಾತ್ರೆಯೂ ಬೇಕಾಗುತ್ತದೆ. 579 ಮಕ್ಕಳನ್ನು 14 ತಿಂಗಳು ಗಮನಿಸಿ 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಎಚ್ಚರದಿಂದ ಕೊಟ್ಟ ಔಷಧ ಮುಖ್ಯ ಲಕ್ಷಣಗಳನ್ನು ಚೆನ್ನಾಗಿ ತಗ್ಗಿಸಿತು. ಜತೆಗೆ ತಂದೆತಾಯಿಗೂ ಮೇಷ್ಟ್ರಿಗೂ ತರಬೇತಿ ಕೊಟ್ಟಲ್ಲಿ ಕಡಿಮೆ ಪ್ರಮಾಣವೇ ಸಾಕಾಯಿತು. ಆದರೆ ಈ ಔಷಧ, ಮೀಥೈಲ್‌ಫೆನಿಡೇಟ್, ಮಾದಕವಸ್ತು ಕಾಯ್ದೆಯ ನಿಯಂತ್ರಣದಲ್ಲಿರುವುದರಿಂದ ಊರಿನ ಮೆಡಿಕಲ್ ಸ್ಟೋರಿನಲ್ಲಿ ಸುಲಭವಾಗಿ ಸಿಗದು. ಮಾತಾಡಲು ಯಾರೂ ಇಲ್ಲದ ರಾತ್ರಿಯಲ್ಲಿ ತಾಯಂದಿರು 14416ಕ್ಕೆ, ಟೆಲಿ ಮಾನಸ್ ಸಹಾಯವಾಣಿಗೆ, ಫೋನು ಮಾಡಬಹುದು. ಕನ್ನಡದಲ್ಲೇ ಉತ್ತರ ಸಿಗುತ್ತದೆ.

ಹಕ್ಕಿನ ಪಟ್ಟಿಗೆ ಎಡಿಎಚ್‌ಡಿ ಸೇರಿಸಬೇಕಾದದ್ದು ದೆಹಲಿ; ಸೇರಿಸಲೇಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಲು ಕಾರಣವಿಲ್ಲ. ಕೈ ಸೆಳೆತದಿಂದ ಬರೆಯಲಾಗದ ವಿಕಾಶ್ ಕುಮಾರ್ ಎಂಬ ಅಭ್ಯರ್ಥಿಗೆ, ಶೇ 40ರ ಅಂಗವೈಕಲ್ಯದ ಮಿತಿಯ ನೆಪದಲ್ಲಿ ಯುಪಿಎಸ್‌ಸಿ ನಿರಾಕರಿಸಿದ್ದ ಬರಹ ಸಹಾಯಕನನ್ನು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 11ರಂದು ಕೊಡಿಸಿತು. ದೀರ್ಘಕಾಲದ ತೊಂದರೆಯಿಂದ ಸಮಾನವಾಗಿ ಭಾಗವಹಿಸಲಾಗದ ಯಾರಿಗಾದರೂ ತಕ್ಕ ಅನುಕೂಲ ಸಲ್ಲಬೇಕೆಂಬುದೇ ಆ ತೀರ್ಪಿನ ತಿರುಳು. ಒಂದರಿಂದ ನಾಲ್ಕನೇ ತರಗತಿಯ ಕಿರುಪರೀಕ್ಷೆ ನಡೆಸುವವರು ಶಾಲೆಯ ಮೇಷ್ಟ್ರೇ. ವೈದ್ಯರ ಚೀಟಿ ತಂದ ಮಗುವಿಗೆ ಇಪ್ಪತ್ತು ನಿಮಿಷ ಹೆಚ್ಚಿಗೆ ಕೊಡಿ, ಪ್ರಶ್ನೆಯನ್ನು ಜೋರಾಗಿ ಓದಿ ಹೇಳಿ ಎಂದು ದೇವನಹಳ್ಳಿಯ ಕ್ಷೇತ್ರ ಶಿಕ್ಷಣಾಧಿಕಾರಿ ಒಂದು ಸುತ್ತೋಲೆ ಹೊರಡಿಸಿದರೆ, ಬರುವ ಜೂನ್‌ಗೇ ಶುರುವಾಗಬಹುದು.